ಶುದ್ಧಾಹಾರ ಮತ್ತು ರಕ್ತದ ಕೊಬ್ಬು

ಮಾಂಸವನ್ನು ಮುಟ್ಟದವನ ರಕ್ತದಲ್ಲಿ ಕೊಲೆಸ್ಟರಾಲ್ ಏರದು ಎಂಬ ನಂಬಿಕೆ ಜೈನ ಕುಟುಂಬಗಳಲ್ಲಿ ಆಳವಾಗಿ ಬೇರೂರಿದೆ. ಪರೀಕ್ಷೆಯ ವರದಿ ಇದಕ್ಕೆ ವಿರುದ್ಧವಾಗಿ ಬಂದಾಗ, ಆ ಮಿತಿ ಸಸ್ಯಾಹಾರಿಗಳಿಗೆ ಅನ್ವಯಿಸುವುದಿಲ್ಲವೆಂಬ ಸಮಾಧಾನವೂ ಸಿದ್ಧವಾಗಿರುತ್ತದೆ. ಎರಡೂ ಮಾತುಗಳು ಸತ್ಯಕ್ಕೆ ದೂರ. ಅಹಿಂಸೆಯ ಹೆಸರಿನಲ್ಲಿ ಅಸತ್ಯವನ್ನು ಪೋಷಿಸುವುದು ಧರ್ಮಕ್ಕೆ ಶೋಭೆಯಲ್ಲ.

ಮೊದಲು ಮಿತಿಯ ವಿಚಾರ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಸಾಮಾನ್ಯ ಜನರಲ್ಲಿ 'ಕೆಟ್ಟ ಕೊಲೆಸ್ಟರಾಲ್' ಎನಿಸಿದ ಎಲ್.ಡಿ.ಎಲ್. ಪ್ರಮಾಣ ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕೆಳಗಿರಬೇಕು. ಮಧುಮೇಹ, ರಕ್ತದೊತ್ತಡಗಳಿಂದ ಅಪಾಯ ಹೆಚ್ಚಿದವರಲ್ಲಿ 70ಕ್ಕಿಂತ ಕೆಳಗೆ. ಹೃದಯಾಘಾತವಾದವರಲ್ಲಿ 55ಕ್ಕಿಂತ ಕೆಳಗೆ. ಸಸ್ಯಾಹಾರಿಗೆಂದು ಅಲ್ಲಿ ಪ್ರತ್ಯೇಕ ಅಂಕಿಯಿಲ್ಲ. ತನ್ನಲ್ಲಿ ಸೇರುವ ಕೊಬ್ಬು ಯಾರ ಅಡಿಗೆಮನೆಯದೆಂದು ರಕ್ತನಾಳ ವಿಚಾರಿಸುವುದಿಲ್ಲ.

ಸಸ್ಯಗಳಲ್ಲಿ ಕೊಲೆಸ್ಟರಾಲ್ ಇಲ್ಲವೆನ್ನುವಷ್ಟು ಅತ್ಯಲ್ಪವೆಂಬುದು ನಿಜ. ಆದರೆ ದೇಹದ ಕೊಲೆಸ್ಟರಾಲಿನ ಬಹುಪಾಲು ದೇಹದೊಳಗೇ ತಯಾರಾಗುತ್ತದೆ. ರಕ್ತದಲ್ಲಿನ ಎಲ್.ಡಿ.ಎಲ್. ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಜೀವಕೋಶಗಳ ಮೇಲಿವೆ. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸಂತೃಪ್ತ ಕೊಬ್ಬನ್ನು ಅತಿಯಾಗಿ ಸೇವಿಸಿದರೆ ಯಕೃತ್ತಿನ ಈ ಗ್ರಾಹಕಗಳ ಕಾರ್ಯ ಕುಂದುತ್ತದೆ. ತುಪ್ಪದ ಅರ್ಧಕ್ಕಿಂತ ಹೆಚ್ಚು ಭಾಗ, ಕೊಬ್ಬರಿ ಎಣ್ಣೆಯ ಸುಮಾರು ನೂರಕ್ಕೆ 90 ಭಾಗ ಇಂಥ ಕೊಬ್ಬೇ. ಅಲ್ಲದೆ ಹಾಲು, ಬೆಣ್ಣೆ, ತುಪ್ಪಗಳು ಸಸ್ಯಜನ್ಯವೂ ಅಲ್ಲ. ಅವುಗಳಲ್ಲಿ ಕೊಲೆಸ್ಟರಾಲೂ ಇದೆ. ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಸಸ್ಯಗಳ ಗುಣವನ್ನು ಹೊಗಳುವುದು ಆತ್ಮವಂಚನೆ.

ಕರಿಘಟ್ಟದ ನೆತ್ತಿಯಿಂದ ನೋಡಿದರೆ ಕಾವೇರಿ, ಲೋಕಪಾವನಿಗಳ ಬಯಲಿನಲ್ಲಿ ಬತ್ತ, ಕಬ್ಬುಗಳ ಹಸಿರು ಕಾಣುತ್ತದೆ. ಉತ್ತರದ ನಾಗಮಂಗಲದ ಒಣಭೂಮಿಯದು ರಾಗಿ, ಹುರುಳಿ. ಶ್ರೀರಂಗಪಟ್ಟಣದ ಆದಿನಾಥ ಬಸದಿ, ಹೊಸಹೊಳಲಿನ ಪಾರ್ಶ್ವನಾಥ ಬಸದಿ, ಕಂಬದಹಳ್ಳಿಯ ಪಂಚಕೂಟ ಬಸದಿಗಳಿರುವ ಸೀಮೆಯಿದು. ಇಲ್ಲಿನ ಮಣ್ಣೇ ಮದ್ದನ್ನೂ ಬೆಳೆಯುತ್ತದೆ. ಕಾಳು, ಸೊಪ್ಪು, ರಾಗಿಗಳಲ್ಲಿ ನಾರಿದೆ. ಕಾಳುಗಳ ಕರಗುವ ನಾರು ಎಲ್.ಡಿ.ಎಲ್. ತಗ್ಗಿಸಲು ನೆರವಾಗುತ್ತದೆ. ಬಿಳಿ ಅನ್ನ, ಸಕ್ಕರೆಗಳು ಮಿತಿಮೀರಿದರೆ ಟ್ರೈಗ್ಲಿಸರೈಡ್ ಎಂಬ ಮತ್ತೊಂದು ಕೊಬ್ಬು ಏರುತ್ತದೆ. ಆದರೂ ಸಮಾರಂಭದ ಎಲೆಯಲ್ಲಿ ಹುರುಳಿಗೆ ಸ್ಥಳವಿಲ್ಲ, ಮೂರು ಬಗೆಯ ಸಿಹಿಗೆ ಸ್ಥಳವಿದೆ.

ಹಿರಿಯರು ತುಪ್ಪ ತಿಂದೇ ಬಾಳಲಿಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ಅವರು ಹೊಲ ಉತ್ತರು, ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಏರಿದರು. ಇಂದು ಕರಿಘಟ್ಟದ ನೆತ್ತಿಗೂ ವಾಹನದ ರಸ್ತೆಯಿದೆ. ಇದನ್ನೆಲ್ಲ ಒಪ್ಪಿದರೆ ಮಾಂಸಾಹಾರಿಗಳ ವಾದಕ್ಕೆ ಬಲ ಬಂದೀತೆಂಬ ಅಂಜಿಕೆಯೂ ನಿರಾಧಾರ. ಮಾಂಸದ ಕೊಬ್ಬಿನಲ್ಲಿಯೂ ಇದೇ ದೋಷವುಂಟು. ಸಸ್ಯಾಹಾರವನ್ನು ಸೋಲಿಸುತ್ತಿರುವುದು ಸಸ್ಯವಲ್ಲ, ಅದರ ಮೇಲೆ ಸುರಿದ ಜಿಡ್ಡು.

ಶಾಸ್ತ್ರವೂ ಈ ಜಿಡ್ಡಿನ ಪರವಾಗಿಲ್ಲ. ಆರು ಬಾಹ್ಯ ತಪಸ್ಸುಗಳಲ್ಲಿ ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯವೂ ಇದೆ, ರಸಪರಿತ್ಯಾಗವೂ ಇದೆ. ತ್ಯಜಿಸಬೇಕಾದ ರಸಗಳಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿಗಳೇ ಪ್ರಧಾನ. ಹಿಂಸೆಯ ಮೂಲ ಪ್ರಮಾದವೆಂದು ಬೋಧಿಸುವ ಧರ್ಮದಲ್ಲಿ, ತಿಳಿದೂ ತನ್ನ ದೇಹದ ವಿಷಯದಲ್ಲಿ ಅಜಾಗರೂಕನಾಗಿರುವುದು ಯಾವ ಪುಣ್ಯ?

ಇನ್ನೊಂದು ಎಚ್ಚರಿಕೆ ಅಗತ್ಯ. ಎಲ್.ಡಿ.ಎಲ್. 190 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅನುವಂಶೀಯ ದೋಷವಿರಬಹುದು. ಎಷ್ಟೇ ಶುದ್ಧವಾದ ಆಹಾರವೂ ಅದಕ್ಕೆ ಸಾಲದು. ಅಂಥವರನ್ನು ನಾಲಗೆಯ ಚಪಲಿಗರೆಂದು ನಿಂದಿಸುವುದು ಅನ್ಯಾಯ. ವೈದ್ಯರು ವಿಧಿಸಿದ ಔಷಧವನ್ನು ವ್ರತದ ನೆಪದಲ್ಲಿ ನಿಲ್ಲಿಸುವುದು ಪ್ರಾಣಾಪಾಯ.

ಬಸದಿಗಳ ಆಡಳಿತ ಮಂಡಳಿಗಳು ಈ ಹೊಣೆಯನ್ನು ತಾವೇ ಹೊರಬೇಕು. ಭೋಜನದಲ್ಲಿ ಒಂದೇ ಸಿಹಿ, ಕಡ್ಡಾಯವಾಗಿ ಒಂದು ಕಾಳಿನ ಪಲ್ಯ, ಕೇಳಿದವರಿಗೆ ಮಾತ್ರ ತುಪ್ಪ: ಇಷ್ಟಕ್ಕೆ ಯಾವ ಠರಾವೂ ಬೇಕಿಲ್ಲ. ಮೊದಲ ಪರೀಕ್ಷೆ 18ನೆಯ ವಯಸ್ಸಿನಲ್ಲೇ ನಡೆಯಲಿ ಎಂದು ಅದೇ ಮಾರ್ಗಸೂಚಿ ಹೇಳಿದೆ. ವಾರ್ಷಿಕೋತ್ಸವದ ದಿನ ಅದಕ್ಕೊಂದು ಏರ್ಪಾಡಾಗಲಿ. ತಟ್ಟೆಯಲ್ಲಿ ಜೀವಹಿಂಸೆಯಿಲ್ಲವೆಂಬ ಹೆಮ್ಮೆ ಯೋಗ್ಯವೇ. ಉಣ್ಣುವವನೂ ಒಂದು ಜೀವವೆಂಬುದನ್ನು ಮರೆತರೆ ಆ ಹೆಮ್ಮೆ ಅಪೂರ್ಣ.