ವಕೀಲನಾದ ಮೇಲೆ ಮತ್ತೆ ವಿದ್ಯಾರ್ಥಿ

ನಾಲ್ಕು ವರ್ಷದಿಂದ ಕರಿ ಕೋಟು ತೊಟ್ಟು ನ್ಯಾಯಾಲಯದ ಮೆಟ್ಟಿಲೇರುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. “ಎಲ್‌ಎಲ್.ಎಂ. ಓದಲು ಒಂದು ವರ್ಷ ಅಮೆರಿಕಕ್ಕೆ ಹೋಗಲೇ ಸಾರ್?” ಎಂದ. ತಂದೆಯವರು ನಿವೃತ್ತಿಯ ಹಣ ಕೊಡಲು ಒಪ್ಪಿದ್ದಾರಂತೆ. ಓದು ಮುಗಿಸಿದವನಿಗೆ ಮತ್ತೇಕೆ ಓದೆಂದು ತಾಯಿಯವರ ಶಂಕೆ.

ಅದು ತೆಗೆದುಹಾಕುವ ಮಾತಲ್ಲ. ನಾನು ಕನ್ನಡದ ಮೇಷ್ಟ್ರು, ಕಾನೂನಿನಲ್ಲಿ ಹೊರಗಿನವನು. ಆದರೂ ಒಂದು ನಿದರ್ಶನ ನೆನಪಾಯಿತು. ಧನಂಜಯ ಚಂದ್ರಚೂಡರು ದೆಹಲಿಯಲ್ಲಿ ಕಾನೂನು ಪದವಿ ಪಡೆದ ಮೇಲೆ ಹಾರ್ವರ್ಡಿಗೆ ತೆರಳಿ 1983ರಲ್ಲಿ ಎಲ್‌ಎಲ್.ಎಂ., 1986ರಲ್ಲಿ ಡಾಕ್ಟರೇಟು ಗಳಿಸಿದರು. ಮುಂದೆ ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದರಲ್ಲಿ ಚಂದ್ರಚೂಡರು ಬರೆದ ದೀರ್ಘ ತೀರ್ಪು ಇಂಗ್ಲೆಂಡು, ಅಮೆರಿಕ, ದಕ್ಷಿಣ ಆಫ್ರಿಕ, ಕೆನಡಗಳ ನ್ಯಾಯಾಲಯಗಳು ಇದೇ ತೊಡಕನ್ನು ಬಿಡಿಸಿದ ಬಗೆಯನ್ನು ಒಂದೊಂದಾಗಿ ಪರಿಶೀಲಿಸುತ್ತದೆ. ತನ್ನ ನಾಡಿನ ಕಾನೂನು ಹಲವು ಉತ್ತರಗಳಲ್ಲಿ ಒಂದೆಂದು ಕಾಣುವ ಈ ಕಣ್ಣೇ ಅಂಥ ಓದಿನ ಲಾಭ. ಕಾನೂನನ್ನು ಮೊದಲೇ ಬಲ್ಲವನಿಗೆ ಅದು ಇನ್ನೂ ಹೆಚ್ಚು ದಕ್ಕೀತು. ಹೋಲಿಸಿ ನೋಡಲು ಅವನ ಕೈಯಲ್ಲಿ ಸ್ವಂತದ್ದೊಂದಿರುತ್ತದೆ.

ವಕೀಲಿಯ ಮಾತು ಬೇರೆ. ಎಲ್‌ಎಲ್.ಎಂ. ಆದಮಾತ್ರಕ್ಕೆ ಅಲ್ಲಿ ವಾದಿಸುವಂತಿಲ್ಲ. ನ್ಯೂಯಾರ್ಕಿನಲ್ಲಾದರೆ ಬಾರ್ ಪರೀಕ್ಷೆಯಿದೆ, ಅಲ್ಲಿನ ಎಲ್ಲ ರಾಜ್ಯಗಳೂ ಪರದೇಶದ ಪದವೀಧರರನ್ನು ಆ ಪರೀಕ್ಷೆಗೆ ಕೂಡಿಸುವುದಿಲ್ಲ. ಇತ್ತ ಕಕ್ಷಿಗಾರರೇನು ವರ್ಷವಿಡೀ ಕಾದು ಕೂರುವರೇ?

“ಯಾವ ಪ್ರಶ್ನೆಯನ್ನು ಹೊತ್ತು ಹೋಗುವೆಯಪ್ಪಾ?” ಎಂದು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. “ಅಮ್ಮನೂ ಅದನ್ನೇ ಕೇಳಿದ್ದು ಸಾರ್” ಎಂದ. ಕಾಫಿ ಆರಿಹೋಗಿತ್ತು.