ಹಳೆಯ ಬೆಲೆಗಳ ಲೆಕ್ಕ ಕೇಳುವುದು ತಪ್ಪಲ್ಲ

‘ದೀರ್ಘಾವಧಿಯಲ್ಲಿ ಷೇರುಪೇಟೆ ವರ್ಷಕ್ಕೆ ಶೇ 15ರಷ್ಟು ಕೊಟ್ಟೇ ಕೊಡುತ್ತದೆ’ ಎನ್ನುವವರು ಆ ಅಂಕಿ ಯಾವ ದಾಖಲೆಯಿಂದ ಬಂತು ಎಂಬುದನ್ನೂ ಹೇಳಬೇಕು ಎಂಬುದು ನನ್ನ ವಾದ. ಈ ಮಾತೆತ್ತಿದಾಗಲೆಲ್ಲ ಹೂಡಿಕೆ ಸಲಹೆಗಾರರಿಂದ, ಪೇಟೆಯಲ್ಲಿ ಪಳಗಿದ ಗೆಳೆಯರಿಂದ ಆಕ್ಷೇಪಗಳು ಬರುತ್ತವೆ. ಕೆಲವಕ್ಕೆ ತೂಕವಿದೆ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡಬೇಕಾಗಿದೆ.

ಮೊದಲನೆಯದು: ‘ಸೆನ್ಸೆಕ್ಸ್ 1979ರಲ್ಲಿ 100 ಇತ್ತು, 2024ರ ಜುಲೈನಲ್ಲಿ 80 ಸಾವಿರ ದಾಟಿತು. ಇನ್ನೆಂಥ ದಾಖಲೆ ಬೇಕು?’ ಚಕ್ರಬಡ್ಡಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ 16 ಆಗುವುದು ನಿಜ. ಆದರೆ ಸೆನ್ಸೆಕ್ಸ್ ಚಾಲ್ತಿಗೆ ಬಂದದ್ದೇ 1986ರ ಜನವರಿ 1ರಂದು. 1978-79 ಅದರ ಆಧಾರ ವರ್ಷ ಮಾತ್ರ. ನಡುವಿನ ವರ್ಷಗಳ ಅಂಕಿಗಳನ್ನು ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿ ತುಂಬಿದ್ದು. ಅಷ್ಟರಲ್ಲಿ ಬೆಳೆದು ನಿಂತ ಕಂಪನಿಗಳನ್ನು ಆರಿಸಿಕೊಂಡು, ಅವು ಹಿಂದೆ ಎಷ್ಟಿದ್ದವು ಎಂದು ನೋಡಿದರೆ ಏರಿಕೆ ಕಾಣದೆ ಇರುತ್ತದೆಯೇ? 1979ರಲ್ಲಿ ದುಡ್ಡು ಹಾಕಿದವನ ಕೈಯಲ್ಲಿ ಆ ಪಟ್ಟಿ ಇರಲಿಲ್ಲ. ನಿಫ್ಟಿಯದ್ದೂ ಇದೇ ಕಥೆ. ಅದರ ಅಂಕಿಗಳು 1990ರಿಂದಲೇ ಸಿಗುತ್ತವೆ. ಆದರೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಷೇರು ವಹಿವಾಟು ಆರಂಭವಾದದ್ದು 1994ರ ನವೆಂಬರ್‌ನಲ್ಲಿ, ನಿಫ್ಟಿ ಬಂದದ್ದು 1996ರಲ್ಲಿ.

ಎಲ್ಲಿಂದ ಎಣಿಸುತ್ತೀರಿ ಎಂಬುದೂ ಮುಖ್ಯ. 1992ರ ಏಪ್ರಿಲ್‌ನಲ್ಲಿ, ಹರ್ಷದ್ ಮೆಹ್ತಾ ಹಗರಣ ಬಯಲಾಗುವ ಹೊತ್ತಿಗೆ, ಸೆನ್ಸೆಕ್ಸ್ 4,400 ದಾಟಿತ್ತು. ಅಲ್ಲಿಂದ ಅದೇ 2024ರ ಜುಲೈವರೆಗೆ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಸುಮಾರು ಶೇ 9.4. ಸೂಚ್ಯಂಕ ಅದೇ, ಕೊನೆಯ ದಿನವೂ ಅದೇ. ಗಿರಾಕಿಗೆ ಶೇ 16ನ್ನು ಮಾತ್ರ ತೋರಿಸಿ ಶೇ 9.4ನ್ನು ಮುಚ್ಚಿಡುವುದನ್ನು ನಾನು ಪ್ರಾಮಾಣಿಕತೆ ಎನ್ನಲಾರೆ.

ಎರಡನೆಯ ಆಕ್ಷೇಪವನ್ನು ಹೆಚ್ಚಾಗಿ ಕಿರಿಯರು ಎತ್ತುತ್ತಾರೆ: ‘ಎಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಹುಡುಕುವ ಗೋಳು ಯಾಕೆ?’ ಸಿಗುತ್ತದೆ ನಿಜ. ಸಿಕ್ಕದ್ದು ಏನು ಎಂಬುದಕ್ಕೆ ನಮ್ಮ ಬೆಂಗಳೂರಿನ ಇನ್ಫೊಸಿಸ್ ಷೇರನ್ನೇ ನೋಡೋಣ. 1993ರಲ್ಲಿ ಸಾರ್ವಜನಿಕರಿಗೆ ಕೊಟ್ಟ ಬೆಲೆ 95 ರೂಪಾಯಿ. ಆಮೇಲೆ 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ ಮುಖಬೆಲೆ 10 ರೂಪಾಯಿಯಿಂದ 5ಕ್ಕೆ ಇಳಿದು ಷೇರು ಎರಡಾಯಿತು. 2004ರಲ್ಲಿ ಒಂದಕ್ಕೆ ಮೂರು ಬೋನಸ್. 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಗುಣಿಸುತ್ತ ಹೋದರೆ ಅಂದಿನ ಒಂದು ಷೇರು ಇಂದು 1,024 ಷೇರು. ಇದನ್ನೆಲ್ಲ ಸರಿಹೊಂದಿಸಿದ ನಕ್ಷೆಯಲ್ಲಿ ಆ 95 ರೂಪಾಯಿ ಬರೀ 9 ಪೈಸೆಯಾಗಿ ಕಾಣಬೇಕು. ಒಂಬತ್ತು ಪೈಸೆಗೆ ಇನ್ಫೊಸಿಸ್ ಷೇರು ಕೊಂಡವರು ಯಾರೂ ಇಲ್ಲ. ಲೆಕ್ಕ ಮಾತ್ರ ಸರಿ. ಇದರಲ್ಲಿ ಒಂದೇ ಒಂದು ಬೋನಸ್ ಬಿಟ್ಟುಹೋದರೂ ಗಳಿಕೆ ಅರ್ಧಕ್ಕಿಳಿಯುತ್ತದೆ. 2004ರ ಬೋನಸ್ ಬಿಟ್ಟರಂತೂ ನಾಲ್ಕರಲ್ಲೊಂದು ಪಾಲಾಗುತ್ತದೆ, ಬೆಲೆ ಒಂದೇ ದಿನದಲ್ಲಿ ಕುಸಿದುಬಿದ್ದಂತೆ ನಕ್ಷೆ ತೋರಿಸುತ್ತದೆ.

ಕಂಪನಿ ಹೋಳಾದಾಗ ಗೊಂದಲ ಇನ್ನೂ ಹೆಚ್ಚು. 2023ರ ಜುಲೈ 20ರಂದು ರಿಲಯನ್ಸ್ ಷೇರಿನಿಂದ ಜಿಯೊ ಫೈನಾನ್ಷಿಯಲ್ ಪಾಲು ಬೇರೆಯಾಯಿತು. ಹಿಂದಿನ ದಿನ 2,841.85ಕ್ಕೆ ಮುಗಿದಿದ್ದ ರಿಲಯನ್ಸ್ ಷೇರಿಗೆ ಮರುದಿನ ಬೆಳಗಿನ ವಿಶೇಷ ವಹಿವಾಟಿನಲ್ಲಿ ನಿಗದಿಯಾದ ಬೆಲೆ 2,580. ನಡುವಿನ 261.85 ರೂಪಾಯಿ ನಷ್ಟವಲ್ಲ, ಹೊಸ ಷೇರಾಗಿ ಹೂಡಿಕೆದಾರನ ಖಾತೆಗೇ ಬಂದ ಬೆಲೆ. ನಿಮ್ಮ ಪುಕ್ಕಟೆ ಕಡತ ಇದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದು ಒಮ್ಮೆ ತೆರೆದು ನೋಡಿ.

‘ಡಿವಿಡೆಂಡ್ ಚಿಲ್ಲರೆ ಕಾಸು, ಬಿಟ್ಟುಬಿಡಿ’ ಎನ್ನುವವರಿಗೆ ಉತ್ತರ ಸುಲಭ. ಶೇ 12ರ ಬೆಳವಣಿಗೆಯಲ್ಲಿ ಒಂದು ಲಕ್ಷ ರೂಪಾಯಿ 25 ವರ್ಷಕ್ಕೆ 17 ಲಕ್ಷವಾಗುತ್ತದೆ. ಡಿವಿಡೆಂಡ್‌ನಿಂದ ವರ್ಷಕ್ಕೆ ಶೇ 1.3 ಸೇರಿದರೆ 22 ಲಕ್ಷ ಮೀರುತ್ತದೆ. ಡಿವಿಡೆಂಡ್ ಬಿಟ್ಟ ಸೂಚ್ಯಂಕದೊಂದಿಗೆ ಹೋಲಿಸಿದರೆ ಸಾಧಾರಣ ಮ್ಯೂಚುವಲ್ ಫಂಡ್ ಕೂಡ ಗೆದ್ದಂತೆ ಕಾಣುತ್ತದೆ. ಡಿವಿಡೆಂಡ್ ಸೇರಿದ ಸೂಚ್ಯಂಕದ ಜೊತೆಗೇ ಹೋಲಿಸಬೇಕೆಂದು ಷೇರುಪೇಟೆ ನಿಯಂತ್ರಕ ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ.

‘ಮುಳುಗಿದ ಕಂಪನಿಗಳ ಹಳೆಯ ಬೆಲೆ ಯಾರಿಗೆ ಬೇಕು?’ ಎಂಬ ಪ್ರಶ್ನೆ ನನಗೆ ತೀರ ಕಳವಳ ತರುತ್ತದೆ. 2009ರ ಜನವರಿ 7ರಂದು ಲೆಕ್ಕಪತ್ರದ ವಂಚನೆ ಬಯಲಾಗಿ ಸತ್ಯಂ ಷೇರು ಕುಸಿದಾಗ ಅದು ಸೆನ್ಸೆಕ್ಸ್‌ನಲ್ಲೂ ಇತ್ತು, ನಿಫ್ಟಿಯಲ್ಲೂ ಇತ್ತು. ಆ ನಷ್ಟ ಸೂಚ್ಯಂಕದ ಲೆಕ್ಕದಲ್ಲಿ ಸೇರಿದೆ. ಆದರೆ ಸೆನ್ಸೆಕ್ಸ್‌ನ ಇಂದಿನ 30 ಕಂಪನಿಗಳನ್ನು ಹಿಡಿದು ‘ಇಪ್ಪತ್ತು ವರ್ಷದಲ್ಲಿ ಇಷ್ಟು ಪಟ್ಟು’ ಎಂದು ಎಣಿಸುವವರ ಲೆಕ್ಕದಲ್ಲಿ ಸತ್ಯಂ ಇಲ್ಲವೇ ಇಲ್ಲ. 1986ರ ಮೊದಲ ಪಟ್ಟಿಯಲ್ಲಿದ್ದ ಹಿಂದೂಸ್ತಾನ್ ಮೋಟರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್ ಕೂಡ ಇಲ್ಲ. 90ರ ದಶಕದಲ್ಲಿ ಜನರಿಂದ ಹಣ ಎತ್ತಿ ಮಾಯವಾದ ಕಂಪನಿಗಳಿಗೆ ಸರ್ಕಾರವೇ ‘ವ್ಯಾನಿಶಿಂಗ್ ಕಂಪನಿ’ ಎಂದು ಹೆಸರಿಟ್ಟಿತ್ತು. ಅವುಗಳಲ್ಲಿ ಉಳಿತಾಯ ಕಳೆದುಕೊಂಡವರು ನಮ್ಮ ಜನರೇ. ಅವರ ನಷ್ಟವನ್ನು ಲೆಕ್ಕದಿಂದ ಅಳಿಸಿ ಪೇಟೆಯ ಗುಣಗಾನ ಮಾಡುವುದು ಅನ್ಯಾಯ.

‘ಹಾಗಿದ್ದರೆ ಅಮೆರಿಕದ ದಾಖಲೆ ನೋಡಿ, ನೂರೈವತ್ತು ವರ್ಷದ್ದಿದೆ’ ಎಂಬ ಸಲಹೆಯಲ್ಲಿ ಹುರುಳಿದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಅವರ 1871ರಿಂದ ಈಚಿನ ಅಂಕಿಗಳು ಎಲ್ಲರಿಗೂ ಉಚಿತ. ಆದರೆ ಅಲ್ಲಿರುವ ಮಾಸಿಕ ಬೆಲೆ ತಿಂಗಳ ಸರಾಸರಿ, ತಿಂಗಳ ಕೊನೆಯ ದಿನದ್ದಲ್ಲ. ಹಾಗಾಗಿ ಏರಿಳಿತ ಕಡಿಮೆ ಕಾಣುತ್ತದೆ. ಷಿಕಾಗೊ ವಿಶ್ವವಿದ್ಯಾಲಯದವರು 1960ರಲ್ಲಿ ಕೂತು, ಸತ್ತ ಕಂಪನಿಗಳನ್ನೂ ಸೇರಿಸಿ 1926ರಿಂದ ಬೆಲೆಗಳನ್ನು ಒಟ್ಟುಮಾಡಿದರು. ಅಷ್ಟು ಶ್ರಮಪಟ್ಟದ್ದಕ್ಕೇ ಅವರ ಮಾತಿಗೆ ಬೆಲೆಯಿದೆ. ಆದರೂ ಅಮೆರಿಕದ ಅದೃಷ್ಟ ಎಲ್ಲ ದೇಶಕ್ಕೂ ಒಲಿಯಲಿಲ್ಲ. ರಷ್ಯಾದ ಹೂಡಿಕೆದಾರರು 1917ರಲ್ಲಿ, ಚೀನಾದವರು 1949ರಲ್ಲಿ ಎಲ್ಲವನ್ನೂ ಕಳೆದುಕೊಂಡರು. ಜಪಾನಿನ ನಿಕ್ಕೈ 1989ರ ಡಿಸೆಂಬರ್‌ನ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ.

ಕೊನೆಯ ಆಕ್ಷೇಪ, ಹಳೆಯ ಪೇಟೆಗೂ ಇಂದಿನದಕ್ಕೂ ಸಂಬಂಧವಿಲ್ಲ ಎಂಬುದು. ಹಣ ಪಾವತಿಯನ್ನು ಮುಂದಕ್ಕೆ ಹಾಕುವ ಬದ್ಲಾ ವಹಿವಾಟು 2001ರಲ್ಲಿ ನಿಂತಿತು, ಕಾಗದದ ಷೇರು ಹೋಗಿ ಡಿಮ್ಯಾಟ್ ಬಂತು, ಒಪ್ಪುತ್ತೇನೆ. ಆದರೆ ಹಳೆಯದು ಬೇಡವೆಂದಾದರೆ ಆ ಶೇ 16ನ್ನೂ ಬಿಟ್ಟುಕೊಡಿ. ಅದು ಬಂದದ್ದು 1979ರಿಂದ ಎಣಿಸಿದ್ದರಿಂದ.

ಹಾಗಾದರೆ ಎಲ್ಲಿ ನೋಡಬೇಕು? ಸೆನ್ಸೆಕ್ಸ್‌ನ ಅಂಕಿಗಳಿಗೆ ಮುಂಬೈ ಷೇರು ವಿನಿಮಯ ಕೇಂದ್ರದ ತಾಣ, ಡಿವಿಡೆಂಡ್ ಸೇರಿದ ನಿಫ್ಟಿಗೆ 1999ರಿಂದ ಈಚಿನ ಟೋಟಲ್ ರಿಟರ್ನ್ ಸೂಚ್ಯಂಕ, ವಾರ್ಷಿಕ ಸರಾಸರಿಗೆ ರಿಸರ್ವ್ ಬ್ಯಾಂಕಿನ ಅಂಕಿಅಂಶಗಳ ಕೈಪಿಡಿ. ಸಂಶೋಧನೆಯ ಮಟ್ಟದ ಲೆಕ್ಕ ಬೇಕಾದರೆ, ಮುಳುಗಿದ ಕಂಪನಿಗಳನ್ನೂ ಗಣನೆಗೆ ತೆಗೆದುಕೊಂಡು ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು ಸಿದ್ಧಪಡಿಸಿದ ಅಂಕಿಗಳು ಉಚಿತವಾಗಿಯೇ ಇವೆ. ಅನುಮಾನ ಬಂದಲ್ಲಿ ಆಯಾ ದಿನದ ಭಾವ್‌ಕಾಪಿ, ಅಂದರೆ ವಿನಿಮಯ ಕೇಂದ್ರದ ದಿನದ ಬೆಲೆಪಟ್ಟಿ ತೆಗೆದು ನೋಡಿ. ಅದರಲ್ಲಿರುವುದು ಅಂದು ನಿಜಕ್ಕೂ ನಡೆದ ಬೆಲೆ.

ಇವುಗಳಲ್ಲೂ ಸಿಗದ ಬೆಲೆಗಳಿವೆ. 1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ಮುಚ್ಚಿತು. ಇಲ್ಲಿ ಮಾತ್ರ ವಹಿವಾಟಾದ ಷೇರುಗಳ ಬೆಲೆ ಮುಂಬೈ ಪಟ್ಟಿಯಲ್ಲಿ ಸಿಗುವುದಿಲ್ಲ. ಹಾಗಾಗಿ ನಮ್ಮ ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ವಾಣಿಜ್ಯ ಪುಟಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ತೆರೆದಿಡಿ.