ಊರ ಹಿರಿಯಳು ಯುನೀಟಾ ಬ್ಲ್ಯಾಕ್‌ವೆಲ್

ಗತಿಸಿದ ಜನಸೇವಕರನ್ನು ಸ್ಮರಿಸುವಾಗ ಅವರು ಅಲಂಕರಿಸಿದ ಪದವಿಗಳನ್ನೂ ಅನುಭವಿಸಿದ ಸೆರೆಮನೆ ವಾಸವನ್ನೂ ಎಣಿಸಿ ಹೇಳುವುದು ಎಲ್ಲೆಡೆಯೂ ರೂಢಿಯಾಗಿದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಶ್ರೀಮತಿ ಯುನೀಟಾ ಬ್ಲ್ಯಾಕ್‌ವೆಲ್ ಅವರು 2019ರ ಮೇ 13ರಂದು ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದಾಗಲೂ ಹಾಗೆಯೇ ಆಯಿತು. ಆ ರಾಜ್ಯದಲ್ಲಿ ಮೇಯರ್ ಆಗಿ ಚುನಾಯಿತರಾದ ಮೊದಲ ಕಪ್ಪು ಮಹಿಳೆ, ಸುಮಾರು 70 ಬಾರಿ ಬಂಧನಕ್ಕೊಳಗಾದ ಧೀರೆ ಎಂದು ಜನ ಕೊಂಡಾಡಿದರು. ಎರಡೂ ನಿಜವೇ. ಆದರೂ ಆ ತಾಯಿಯ ಬಾಳಿನ ತಿರುಳನ್ನು ಅರಸುವವರು ಸೆರೆಮನೆಯ ಲೆಕ್ಕವನ್ನು ಬಿಟ್ಟು ಆಕೆಯ ಊರಿನ ನೀರಿನ ಕೊಳವೆ, ಒಳಚರಂಡಿ ಮತ್ತು ಶಾಲೆಯ ಕಡೆಗೆ ನೋಡುವುದು ಉಚಿತ.

ಅವರು ಹುಟ್ಟಿದ್ದು 1933ರಲ್ಲಿ, ಲೂಲಾ ಎಂಬಲ್ಲಿ, ಅನ್ಯರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ದಂಪತಿಗಳಿಗೆ. ಆ ಸೀಮೆಯಲ್ಲಿ ಕಪ್ಪು ಮಕ್ಕಳ ಶಾಲೆಯ ವರ್ಷವನ್ನು ನಿರ್ಣಯಿಸುತ್ತಿದ್ದುದು ಪಂಚಾಂಗವಲ್ಲ, ಹತ್ತಿಯ ಬೆಳೆ. ಕಳೆ ತೆಗೆಯುವ ಮತ್ತು ಹತ್ತಿ ಬಿಡಿಸುವ ಕಾಲ ಬಂದರೆ ಮಕ್ಕಳ ಸ್ಥಾನ ಹೊಲದಲ್ಲಿಯೇ. ಇದನ್ನು ಸಹಿಸದ ತಾಯಿ ಮಗಳನ್ನು ನದಿಯಾಚೆಯ ಆರ್ಕನ್ಸಾ ರಾಜ್ಯದ ವೆಸ್ಟ್ ಹೆಲೆನಾದಲ್ಲಿದ್ದ ಬಂಧುಗಳ ಮನೆಯಲ್ಲಿರಿಸಿ ಓದಿಸಿದಳು. ಎಂಟನೆಯ ತರಗತಿಗೆ ಆ ಓದು ಮುಗಿಯಿತು. ಮಗುವಿಗೆ ಮನೆಯವರು ಇಟ್ಟಿದ್ದುದು ಬರಿಯ ಎರಡು ಅಕ್ಷರ, ‘ಯು. ಜೆಡ್.’ ಎಂದು. ಆರನೆಯ ತರಗತಿಯ ಉಪಾಧ್ಯಾಯಿನಿಯೊಬ್ಬರು, ಇದು ಹೆಸರಾಗದು, ನಿನಗೊಂದು ನಿಜವಾದ ಹೆಸರು ಬೇಕು ಎಂದು ಹೇಳಿ, ಆ ಹುಡುಗಿಯೊಡನೆ ಕುಳಿತು ಯುನೀಟಾ ಜೆಲ್ಮಾ ಎಂಬ ಹೆಸರನ್ನು ಕಟ್ಟಿಕೊಟ್ಟರು. ಮುಂದೆ ಇತಿಹಾಸ ಬರೆದುಕೊಂಡದ್ದು ಈ ಶಿಕ್ಷಕಿ ಕೊಟ್ಟ ಹೆಸರನ್ನೇ. ಅಧ್ಯಾಪಕವೃತ್ತಿಯಲ್ಲಿರುವವರಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಬೇರೆ ಯಾವುದಿದ್ದೀತು?

ಮದುವೆಯಾದ ಮೇಲೆ ದಿನಕ್ಕೆ 3 ಡಾಲರ್ ಕೂಲಿಗೆ ಹತ್ತಿ ಹೊಲದ ದುಡಿಮೆ. 1960ರ ದಶಕದ ಮೊದಲಲ್ಲಿ ಸಂಸಾರ ಮಿಸಿಸಿಪ್ಪಿ ನದಿಯ ದಂಡೆಯ ಮೇಯರ್ಸ್‌ವಿಲ್ ಎಂಬ ಪುಟ್ಟ ಊರಿಗೆ ಬಂದು, ಪತಿಯ ಅಜ್ಜಿ ಬಿಟ್ಟುಹೋಗಿದ್ದ ಚಿಕ್ಕ ಮನೆಯಲ್ಲಿ ನೆಲಸಿತು. ಚರಿತ್ರಕಾರರು ಈ ಮನೆಯ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಜಮೀನುದಾರನ ಗುಡಿಸಲಿನಲ್ಲಿ ಬಾಳುವವನು ಮತದ ಮಾತೆತ್ತಿದರೆ ಅಂದೇ ಬೀದಿಗೆ ಬೀಳುತ್ತಿದ್ದ ಕಾಲವದು. ಕೂಲಿಯನ್ನು ಕಸಿದುಕೊಂಡರೂ ಮನೆಯಿಂದ ಹೊರದೂಡಲಾರರು ಎಂಬ ಧೈರ್ಯವನ್ನು ಆ ಸೊಸೆಗೆ ಕೊಟ್ಟದ್ದು ಹೋರಾಟದ ಹೆಸರನ್ನೇ ಕೇಳದೆ ಕಣ್ಮುಚ್ಚಿದ ಮುದುಕಿಯೊಬ್ಬಳ ನಾಲ್ಕು ಗೋಡೆಗಳು.

1964ರ ಬೇಸಿಗೆಯಲ್ಲಿ ಮತದಾರರ ಪಟ್ಟಿಗೆ ಕಪ್ಪುಜನರನ್ನು ಸೇರಿಸುವ ಚಳವಳಿಯ ತರುಣರು ಊರಿಗೆ ಬಂದರು. ಇಸಾಕ್ವೀನಾ ಜಿಲ್ಲೆಯಲ್ಲಿ ಕಪ್ಪುಜನರೇ ಬಹುಸಂಖ್ಯಾತರು. ಮತದಾರರ ಪಟ್ಟಿಯಲ್ಲಿ ಮಾತ್ರ ಅವರು ಇಲ್ಲವೆನ್ನುವಷ್ಟು ಕಡಿಮೆ. ಹೆಸರು ಬರೆಸಲು ಹೋದವರಿಗೆ ರಾಜ್ಯದ ಸಂವಿಧಾನದ ಒಂದು ವಿಧಿಯನ್ನು ಕೊಟ್ಟು ಅದರ ಅರ್ಥವನ್ನು ವಿವರಿಸಲು ಹೇಳುತ್ತಿದ್ದರು. ಉತ್ತರ ಸರಿಯೇ ತಪ್ಪೇ ಎಂಬುದು ಬಿಳಿಯ ಗುಮಾಸ್ತನ ಇಚ್ಛೆಗೆ ಬಿಟ್ಟದ್ದು. ಯುನೀಟಾ ದಂಪತಿಗಳು ಹೋಗಿಬಂದ ಕೂಡಲೆ ಹೊಲದ ಕೆಲಸ ತಪ್ಪಿತು. ಮೂರನೆಯ ಪ್ರಯತ್ನದಲ್ಲಿ ಆಕೆಯ ಹೆಸರು ಪಟ್ಟಿಗೇರಿತು.

ವಿದ್ಯಾಸಂಸ್ಥೆಗಳಿಗೆ ಸೇರಿದವರು ಹೆಚ್ಚು ಹೊತ್ತು ನಿಂತು ಯೋಚಿಸಬೇಕಾದದ್ದು 1965ರ ಪ್ರಸಂಗ. ಕಪ್ಪು ಮತ್ತು ಬಿಳಿಯ ಕೈಗಳು ಒಂದನ್ನೊಂದು ಹಿಡಿದ ಚಿತ್ರವಿರುವ ಎದೆಬಿಲ್ಲೆಗಳನ್ನು ಧರಿಸಿ ಮಕ್ಕಳು ಶಾಲೆಗೆ ಬಂದರು. ಮುಖ್ಯೋಪಾಧ್ಯಾಯರು ನಿಷೇಧಿಸಿದರು, ಮಕ್ಕಳು ಒಪ್ಪಲಿಲ್ಲ. ಸುಮಾರು 300 ಮಕ್ಕಳು ಶಾಲೆಯಿಂದ ಹೊರಗುಳಿದರು. ಅವರಲ್ಲಿ ಯುನೀಟಾರ ಒಬ್ಬನೇ ಮಗನೂ ಇದ್ದನು. ತಾಯಿ ತಂದೆಗಳು ಜಿಲ್ಲಾ ಶಿಕ್ಷಣ ಮಂಡಲಿಯ ಮೇಲೆ ಫಿರ್ಯಾದು ಹೂಡಿದರು. ಮೊಕದ್ದಮೆ ಬ್ಲ್ಯಾಕ್‌ವೆಲ್ ಹೆಸರಿನಲ್ಲಿಯೇ ನಡೆಯಿತು.

ಅಭಿಮಾನಿಗಳು ಮರೆಯಲು ಬಯಸುವ ಸಂಗತಿಯೆಂದರೆ, ಬಿಲ್ಲೆಯ ವಿಷಯದಲ್ಲಿ ಅವರು ಸೋತರು. ಕೆಲವರು ಒಲ್ಲದ ಸಹಪಾಠಿಗಳಿಗೂ ಬಿಲ್ಲೆ ಚುಚ್ಚಿದರು, ಪಾಠ ನಡೆಯುತ್ತಿರುವಾಗ ಗದ್ದಲವೆಬ್ಬಿಸಿದರು ಎಂಬ ಕಾರಣದಿಂದ ಮೇಲ್ಮನವಿ ನ್ಯಾಯಾಲಯ 1966ರಲ್ಲಿ ಶಾಲೆಯ ಪರವಾಗಿ ತೀರ್ಪಿತ್ತಿತು. ಅದೇ ದಿನ ಅದೇ ನ್ಯಾಯಾಲಯ, ಅದೇ ರಾಜ್ಯದ ಫಿಲಡೆಲ್ಫಿಯಾ ಎಂಬ ಊರಿನಲ್ಲಿ ಶಾಂತವಾಗಿ ಬಿಲ್ಲೆ ಧರಿಸಿದ ಮಕ್ಕಳಿಗೆ ಜಯವನ್ನಿತ್ತಿತು. ಈ ಎರಡು ತೀರ್ಪುಗಳನ್ನೂ ಮುಂದಿಟ್ಟುಕೊಂಡೇ 1969ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ವಿದ್ಯಾರ್ಥಿಯು ಶಾಲೆಯ ಬಾಗಿಲಲ್ಲಿ ತನ್ನ ವಾಕ್‌ಸ್ವಾತಂತ್ರ್ಯವನ್ನು ಕಳಚಿಟ್ಟು ಬರಬೇಕಾಗಿಲ್ಲವೆಂದು ನಿರ್ಣಯಿಸಿತು. ಶಿಸ್ತಿನ ಪಕ್ಷವನ್ನು ಪೂರ್ತಿ ತಳ್ಳಿಹಾಕಲಾಗದು. ಗದ್ದಲದ ತರಗತಿಯಲ್ಲಿ ಪಾಠ ಹೇಳಿದವರಿಗೆ ಅದು ಗೊತ್ತು. ಆ ಮುಖ್ಯೋಪಾಧ್ಯಾಯರ ಅನ್ನವೂ ಬಿಳಿಯರ ಮಂಡಲಿಯ ಕೈಯಲ್ಲಿತ್ತೆಂಬುದನ್ನು ಮರೆತು ಅವರನ್ನು ಹಳಿಯುವುದೂ ಅನ್ಯಾಯ. ಆದರೆ ಆ ಫಿರ್ಯಾದಿನಲ್ಲಿ ಇನ್ನೊಂದು ಬೇಡಿಕೆಯಿತ್ತು: ಕಪ್ಪು ಮಕ್ಕಳಿಗೆ ಬೇರೆ, ಬಿಳಿಯ ಮಕ್ಕಳಿಗೆ ಬೇರೆ ಎಂಬ ಶಾಲಾಪದ್ಧತಿ ಕೊನೆಗೊಳ್ಳಬೇಕೆಂಬುದು. ಅಂಥ ಭೇದ ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿಯೇ ಸಾರಿತ್ತು. ಹನ್ನೊಂದು ವರ್ಷ ಕಳೆದರೂ ಆ ಜಿಲ್ಲೆಗೆ ತಟ್ಟದಿದ್ದ ಆಜ್ಞೆಯನ್ನು ತಟ್ಟಿಸಿದ್ದು ಈ ಮೊಕದ್ದಮೆ. ಮಕ್ಕಳನ್ನು ಶಾಲೆ ಬಿಡಿಸಿದಳೆಂದು ಆಕೆಯನ್ನು ಆಕ್ಷೇಪಿಸುವವರು ಒಂದನ್ನು ನೆನೆಯಬೇಕು. ಶಾಲೆ ತಪ್ಪುವುದೆಂದರೇನೆಂದು ಹತ್ತಿ ಹೊಲದಿಂದ ಬಂದ ಆ ತಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೇಯರ್ಸ್‌ವಿಲ್ ಆಗ ಕಾನೂನಿನ ದೃಷ್ಟಿಯಲ್ಲಿ ಒಂದು ಊರೇ ಆಗಿರಲಿಲ್ಲ. ಪೌರಾಡಳಿತವೆಂಬುದಿಲ್ಲದ್ದರಿಂದ ಕೇಂದ್ರ ಸರ್ಕಾರದ ಸಹಾಯಧನ ಬರುವಂತಿರಲಿಲ್ಲ. ಆಕೆ ಮೊದಲು ಊರನ್ನು ಕಾಗದದ ಮೇಲೆ ಊರಾಗಿಸಿ, 1976ರಲ್ಲಿ ಅದರ ಮೇಯರ್ ಆಗಿ ಚುನಾಯಿತರಾಗಿ, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಆ ಹೊಣೆಯನ್ನು ಹೊತ್ತರು. ಜನಸಂಖ್ಯೆ ಸುಮಾರು 500. ರಸ್ತೆಗೆ ಡಾಂಬರು, ಬೀದಿಗೆ ದೀಪ, ನೀರಿನ ವ್ಯವಸ್ಥೆ, ಒಳಚರಂಡಿ, ಬೆಂಕಿ ಆರಿಸುವ ಒಂದು ಬಂಡಿ, ವೃದ್ಧರಿಗೂ ಅಂಗವಿಕಲರಿಗೂ ಮನೆಗಳು. ಇವುಗಳಲ್ಲಿ ಒಂದೊಂದಕ್ಕೂ ಅರ್ಜಿ, ನಕ್ಷೆ, ಅಂದಾಜುಪಟ್ಟಿ, ಅಲೆದಾಟ. ಮೆರವಣಿಗೆಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಅಂದಾಜುಪಟ್ಟಿಯ ಚಿತ್ರ ಬಾರದು. ಸೆರೆಮನೆಗೆ ಹೋಗುವ ಧೈರ್ಯಕ್ಕಿಂತ, ಕಚೇರಿಯ ಬಾಗಿಲಿಗೆ ಹತ್ತನೆಯ ಸಲ ಹೋಗುವ ತಾಳ್ಮೆಯೇ ಅಪರೂಪವೆಂದರೆ ಉತ್ಪ್ರೇಕ್ಷೆಯಾಗದು.

1979ರಲ್ಲಿ ಅಧ್ಯಕ್ಷ ಕಾರ್ಟರ್ ಅವರು ಇಂಧನ ಸಮಸ್ಯೆಯ ಸಮಾಲೋಚನೆಗೆ ಆಕೆಯನ್ನು ಕರೆಸಿದರು. 1992ರಲ್ಲಿ ಮ್ಯಾಕ್‌ಆರ್ಥರ್ ಪುರಸ್ಕಾರ ದೊರೆಯಿತು. ಕಪ್ಪು ಮೇಯರುಗಳ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆಯೂ ಲಭಿಸಿತು. 1993ರಲ್ಲಿ ರಾಷ್ಟ್ರದ ಶಾಸನಸಭೆಗೆ ಸ್ಪರ್ಧಿಸಿ ಸೋತರು. ಸೋತದ್ದು ಮೇಯರ್ಸ್‌ವಿಲ್ಲಿಗೆ ಲಾಭವಾಯಿತೆನ್ನಬಹುದೇನೋ.

ದಾನಿಗಳು ಗಮನಿಸಬೇಕಾದ ಇನ್ನೊಂದು ಘಟನೆಯುಂಟು. ಗ್ರಾಮೀಣ ಪ್ರದೇಶಗಳ ಕಾರ್ಯಕರ್ತರಿಗಾಗಿ ಇದ್ದ ಒಂದು ವಿದ್ಯಾರ್ಥಿವೇತನ, ಪ್ರೌಢಶಾಲೆಯ ಮೆಟ್ಟಿಲನ್ನೇ ಹತ್ತದ ಈ ಮೇಯರಮ್ಮನನ್ನು ಆರಿಸಿತು. ಆಕೆಯ ಅನುಭವವನ್ನೇ ಅರ್ಹತೆಯೆಂದು ಎಣಿಸಿ ಆಮ್‌ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಪ್ರವೇಶವನ್ನಿತ್ತಿತು. ತಮ್ಮ ಐವತ್ತನೆಯ ವಯಸ್ಸಿನಲ್ಲಿ, 1983ರಲ್ಲಿ, ಪ್ರಾದೇಶಿಕ ಯೋಜನೆಯ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದರು. ಆ ಪದವಿಗೆ ದೊಡ್ಡ ನಗರಗಳಲ್ಲಿ ಬೆಲೆಯಿತ್ತು. ಮುಂದೆ ಮೊಮ್ಮಕ್ಕಳಿಗೆ ಅಜ್ಜಿಯಾಗಲಿದ್ದ ಆಕೆ ಅದನ್ನು ತೆಗೆದುಕೊಂಡು ಬಂದದ್ದು ನದಿಯ ದಂಡೆಯ ಆ ಊರಿಗೇ, ಅರ್ಧ ಮುಗಿದಿದ್ದ ಅರ್ಜಿಗಳ ಬಳಿಗೆ.